ಲೀಟ್ರಿಮ್‌ಗೆ ಪಿಟೀಲು ತರಲಾ ಅಂತ ಕೇಳಿದ ತಂಗಿಗೆ

ತಂಗಿ, ನೀನು ಬರೆದದ್ದು ಓದಿದೆ. ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ಅಲ್ವಾ? ಹಾಸನದ ಕಡೆಯವಳು, ನರ್ಸಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಮಾಡಿ, ಈಗ ಐರ್ಲೆಂಡಿನ ಲೀಟ್ರಿಮ್ ಕೌಂಟಿಯ ಒಂದು ನರ್ಸಿಂಗ್ ಹೋಮ್‌ಗೆ ಆಯ್ಕೆಯಾಗಿದ್ದೀಯ. ಡಬ್ಲಿನ್‌ನಲ್ಲಿರುವ ಪರಿಚಯದವರು "ಅಲ್ಲಿ ಏನೂ ಇಲ್ಲ ಕಣೆ, ಹಸು, ಮಳೆ, ಅಷ್ಟೇ" ಅಂದುಬಿಟ್ಟಿದ್ದಾರೆ. ಸಂಬಳ, ಬಾಡಿಗೆ, ಚಳಿ ಎಲ್ಲಾ ಕೇಳಿ ಆದಮೇಲೆ ಕೊನೆಯಲ್ಲಿ, ಚಿಕ್ಕಂದಿನಿಂದ ಕಲಿತ ಪಿಟೀಲು ತರಲಾ ಅಥವಾ ಅಮ್ಮನ ಹತ್ತಿರ ಬಿಟ್ಟು ಬರಲಾ ಅಂತ ಒಂದು ಸಾಲು ಹಾಕಿದ್ದೀಯ. ಸಂಬಳ, ಬಾಡಿಗೆ ಬೇರೆಯವರೂ ಹೇಳುತ್ತಾರೆ. ನಾನು ಆ ಕೊನೇ ಸಾಲಿಗೇ ಉತ್ತರ ಕೊಡುತ್ತೇನೆ. ತಾ. ಒಂದು ಸೂಟ್‌ಕೇಸ್ ಕಡಿಮೆ ಮಾಡಿಕೊಂಡಾದರೂ ತಾ.

ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಊರಿನ ಕಥೆ ಹೇಳಬೇಕು. ಲೀಟ್ರಿಮ್ ಈ ದೇಶದಲ್ಲಿ ಎಲ್ಲಕ್ಕಿಂತ ಕಡಿಮೆ ಜನ ಇರುವ ಕೌಂಟಿ. 2022ರ ಜನಗಣತಿಯಲ್ಲಿ 35,199 ಜನ. ಇದೇ ಜಾಗದಲ್ಲಿ 1841ರಲ್ಲಿ 1,55,000ಕ್ಕೂ ಜಾಸ್ತಿ ಜನ ಇದ್ದರು. ನಂತರ ಆಲೂಗಡ್ಡೆಗೆ ರೋಗ ಬಂತು, ಬರಗಾಲ ಬಂತು, ಸತ್ತವರು ಸತ್ತರು, ಉಳಿದವರು ಹಡಗು ಹತ್ತಿದರು. ಬರಗಾಲ ಮುಗಿದರೂ ಹೋಗುವುದು ನಿಲ್ಲಲಿಲ್ಲ. 1996ರಲ್ಲಿ ಕೌಂಟಿಯಲ್ಲಿ ಉಳಿದಿದ್ದವರು 25,057 ಜನ. ಇಲ್ಲಿನ ಮಣ್ಣು ಭಾರಿ ಜೇಡಿ, ನೀರು ಕೆಳಗೆ ಇಳಿಯುವುದೇ ಇಲ್ಲ, ಹೊಲ ತುಂಬಾ ಜೊಂಡುಹುಲ್ಲು. ಲೀಟ್ರಿಮ್‌ನಲ್ಲಿ ಜಮೀನು ಎಕರೆ ಲೆಕ್ಕದಲ್ಲಿ ಮಾರುವುದಿಲ್ಲ, ಗ್ಯಾಲನ್ ಲೆಕ್ಕದಲ್ಲಿ ಮಾರುತ್ತಾರೆ ಅಂತ ಇಲ್ಲಿನವರೇ ತಮ್ಮನ್ನು ತಾವು ಗೇಲಿ ಮಾಡಿಕೊಳ್ಳುತ್ತಾರೆ. ಸಮುದ್ರ ತೀರವೂ ಇದೆ ಅನ್ನು, ಟಲ್ಲಹನ್ ಹತ್ತಿರ ನಾಲ್ಕೈದು ಕಿಲೋಮೀಟರ್, ದೇಶದಲ್ಲೇ ಅತಿ ಚಿಕ್ಕದು.

ಹೀಗಾಗಿ ಇಲ್ಲಿ ಯಾರ ಮನೆಗೆ ಹೋದರೂ ಪರದೇಶಕ್ಕೆ ಹೋದ ಒಬ್ಬ ಚಿಕ್ಕಪ್ಪನೋ ಅಜ್ಜನ ತಂಗಿಯೋ ಇದ್ದೇ ಇರುತ್ತಾರೆ. ನಿನ್ನನ್ನು ಅವರು "ಮನೆ ನೆನಪಾಗುತ್ತಾ?" ಅಂತ ಕೇಳಿದರೆ ಅದು ಉಪಚಾರದ ಮಾತಲ್ಲ. ಉತ್ತರ ಕೇಳಲು ಕಾಯುತ್ತಾರೆ. ಇದನ್ನು ನಾನು ಡಬ್ಲಿನ್‌ನಲ್ಲಿ ನೋಡಿಲ್ಲ.

ಈಗ ಸಂಗೀತಕ್ಕೆ ಬರುತ್ತೇನೆ. ಈ ಕೌಂಟಿಯ ಹೆಸರು ಹೊರಗೆ ಗೊತ್ತಾಗಿದ್ದೇ ಸಂಗೀತಗಾರರಿಂದ. ಅವರಲ್ಲಿ ಹೆಚ್ಚಿನವರು ಸಂಗೀತದಿಂದ ಹೊಟ್ಟೆ ಹೊರೆದವರಲ್ಲ ಅನ್ನುವುದೇ ನನಗೆ ಇಷ್ಟವಾದ ವಿಷಯ. ಹಗಲು ಬೇರೆ ಕೆಲಸ, ರಾತ್ರಿ ವಾದ್ಯ. ನೀನು ಹನ್ನೆರಡು ಗಂಟೆ ಡ್ಯೂಟಿ ಮುಗಿಸಿ ಯೂನಿಫಾರ್ಮ್ ಬದಲಾಯಿಸಿ ಪಿಟೀಲು ಹಿಡಿದು ಹೋದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಪಕ್ಕದ ಕುರ್ಚಿಯವರು ಹಾಲು ಕರೆದು ಕೈ ತೊಳೆದು ಬಂದಿರುತ್ತಾರೆ.

ಉದಾಹರಣೆಗೆ ಜಾನ್ ಮೆಕೆನ್ನಾ. ಕೊಳಲಿನವರು. 1880ರಲ್ಲಿ ಹುಟ್ಟಿದ್ದು ಲಾಫ್ ಆಲನ್ ಸರೋವರದ ಪಶ್ಚಿಮಕ್ಕೆ, ಟಾರ್ಮನ್ ಹತ್ತಿರದ ಟೆಂಟ್ಸ್ ಅನ್ನುವ ಜಾಗದಲ್ಲಿ. ಕಿಟಕಿಯಿಂದ ನೀರು, ಹಿಂದೆ ಗುಡ್ಡ, ಆಚೆ ಅರಿಗ್ನಾ ಕಲ್ಲಿದ್ದಲ ಗಣಿ. ಅವರೂ ನ್ಯೂಯಾರ್ಕ್‌ಗೆ ಹೋದರು, ಅಲ್ಲಿ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿದರು. 1921ರಿಂದ 1930ರ ದಶಕದವರೆಗೆ 78 ಆರ್‌ಪಿಎಂ ತಟ್ಟೆಗಳಿಗೆ ನುಡಿಸಿದರು, ಒಂದು ಮಗ್ಗುಲಿಗೆ ಮೂರು ನಿಮಿಷ. ಸ್ಲೈಗೋ ಕೌಂಟಿಯ ಪಿಟೀಲುಗಾರ ಜೇಮ್ಸ್ ಮಾರಿಸನ್ ಜೊತೆ ನುಡಿಸಿದ ತಟ್ಟೆಗಳನ್ನು ಇವತ್ತಿಗೂ ಇಲ್ಲಿನ ಹುಡುಗರು ಕೇಳಿ ಕೇಳಿ ಕಲಿಯುತ್ತಾರೆ. ಆ ತಟ್ಟೆಗಳು ಅಮೆರಿಕದಿಂದ ಬರುವ ಪಾರ್ಸೆಲ್‌ನಲ್ಲಿ ಬಟ್ಟೆಬರೆ ಜೊತೆ ಹಳ್ಳಿಗೆ ಬರುತ್ತಿದ್ದವು. ಕೈಯಿಂದ ಕೀಲಿ ಕೊಡುವ ಗ್ರಾಮಫೋನ್ ಇದ್ದವರ ಮನೆಯಲ್ಲಿ ಊರೇ ಸೇರುತ್ತಿತ್ತು. ಬಿಟ್ಟು ಹೋದವರು ನುಡಿಸಿದ್ದನ್ನು ಕೇಳಿ ಉಳಿದವರು ತಮ್ಮೂರಿನ ಸಂಗೀತ ಕಲಿತರು, ನೋಡು ಹೇಗಿದೆ.

ಮೆಕೆನ್ನಾ 1947ರಲ್ಲಿ ತೀರಿಕೊಂಡರು. ಅವರ ಊದುವ ರೀತಿ ಕೇಳಿದರೆ ನಿನಗೆ ಮೊದಲು ಒರಟು ಅನ್ನಿಸಬಹುದು. ನಮ್ಮ ಕೊಳಲಿನಲ್ಲಿ ಉಸಿರು ಎಲ್ಲಿ ತೆಗೆದುಕೊಂಡರು ಅಂತ ಗೊತ್ತಾಗದ ಹಾಗೆ ನುಡಿಸಬೇಕು ಅಂತ ಕಲಿಸುತ್ತಾರೆ. ಲೀಟ್ರಿಮ್‌ನಲ್ಲಿ ಉಸಿರೇ ತಾಳ. ಮರದ ಕೊಳಲು, ಅಡ್ಡ ಹಿಡಿದು, ಗಟ್ಟಿಯಾಗಿ ತಳ್ಳಿ ತಳ್ಳಿ ಊದುತ್ತಾರೆ, ಮಧ್ಯೆ ಸ್ವರ ಬಿಟ್ಟು ಉಸಿರೆಳೆಯುತ್ತಾರೆ. ಆ ಬಿಟ್ಟ ಜಾಗದಲ್ಲೇ ಕುಣಿಯುವವರ ಕಾಲು ಏಳುವುದು. ಸ್ವಲ್ಪ ದಿನ ಕೇಳಿದ ಮೇಲೆ ನುಣುಪಾಗಿ ಊದುವ ಕೊಳಲು ನನಗೆ ಸಪ್ಪೆ ಅನ್ನಿಸತೊಡಗಿತು.

ಅದೇ ಅರಿಗ್ನಾ ಕಡೆಯ ಇನ್ನೊಬ್ಬ ಕೊಳಲಿನವರು ಪ್ಯಾಕಿ ಡಿಗ್ನನ್, ಗಣಿ ಕಾರ್ಮಿಕರು. ಹಗಲೆಲ್ಲಾ ನೆಲದಡಿ ಕಲ್ಲಿದ್ದಲ ಧೂಳಿನಲ್ಲಿ, ಸಂಜೆ ಕೊಳಲು. ಆ ಎದೆಯಿಂದ ಅಷ್ಟು ಗಾಳಿ ಹೇಗೆ ಬರುತ್ತಿತ್ತೋ ದೇವರೇ ಬಲ್ಲ. ಗಣಿ 1990ರಲ್ಲಿ ಮುಚ್ಚಿತು. ಈಗ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ, ಬಂದಾಗ ಒಮ್ಮೆ ಹೋಗಿ ಬಾ. ಅರಿಗ್ನಾ ಲೆಕ್ಕಕ್ಕೆ ರಾಸ್‌ಕಾಮನ್ ಕೌಂಟಿಯಲ್ಲಿದೆ, ಆದರೆ ಸಂಗೀತಕ್ಕೆ ಯಾರೂ ಅಲ್ಲಿ ಗಡಿ ನೋಡುವುದಿಲ್ಲ.

ಗಡಿ ನೋಡದ ಇನ್ನೊಬ್ಬರ ಬಗ್ಗೆ ಹೇಳಲೇಬೇಕು. ಟರ್ಲಕ್ ಓ'ಕ್ಯಾರಲನ್. ಹಾರ್ಪ್, ಅಂದರೆ ಸಾಲು ತಂತಿಗಳನ್ನು ಬೆರಳಿನಿಂದ ಮೀಟುವ ವಾದ್ಯ, ನುಡಿಸುವವರು. ಐರ್ಲೆಂಡಿನ ನಾಣ್ಯದ ಮೇಲೆ, ಪಾಸ್‌ಪೋರ್ಟ್ ಮೇಲೆ ಹಾರ್ಪ್ ಇರುವುದು ನೋಡಿರುತ್ತೀಯ. ಯೂರೋ ಬರುವ ಮುಂಚೆ ಒಂದು ಕಾಲದಲ್ಲಿ 50 ಪೌಂಡಿನ ನೋಟಿನ ಮೇಲೆ ಇವರ ಚಿತ್ರವೇ ಇತ್ತು. 1670ರಲ್ಲಿ ಮೀತ್ ಕೌಂಟಿಯಲ್ಲಿ ಹುಟ್ಟಿದರು, ಅಪ್ಪ ಕೆಲಸ ಹುಡುಕಿಕೊಂಡು ಈ ಕಡೆ ಬಂದರು. ಹದಿನೆಂಟನೇ ವಯಸ್ಸಿಗೆ ಸಿಡುಬು ಬಂದು ಎರಡೂ ಕಣ್ಣು ಹೋಯಿತು. ಅಪ್ಪ ಕೆಲಸಕ್ಕಿದ್ದ ಮನೆಯ ಯಜಮಾನಿ, ಮ್ಯಾಕ್‌ಡರ್ಮಟ್ ರೋ ಮನೆತನದವರು, ಮೂರು ವರ್ಷ ಹಾರ್ಪ್ ಪಾಠ ಹೇಳಿಸಿ, ಒಂದು ಕುದುರೆ, ದಾರಿ ತೋರಿಸಲು ಒಬ್ಬ ಆಳು ಕೊಟ್ಟು ಕಳಿಸಿದರು. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿ ದಾರಿಗೆ ಹಚ್ಚಿದ್ದು ನಿನಗೆ ಗೊತ್ತಲ್ಲ, ಕ್ಯಾರಲನ್ ಕಥೆ ಓದಿದಾಗ ನನಗೆ ನೆನಪಾಗಿದ್ದು ಅದೇ. ಇಲ್ಲಿ ಮಾತ್ರ ಆಶ್ರಮ ಇರಲಿಲ್ಲ. ಕುದುರೆ ಮೇಲೆ ಒಂದು ದೊಡ್ಡ ಮನೆಯಿಂದ ಇನ್ನೊಂದಕ್ಕೆ ಹೋಗುವುದು, ಆ ಮನೆಯವರ ಹೆಸರಲ್ಲಿ ಒಂದು ಮಟ್ಟು ಕಟ್ಟುವುದು, ಊಟ, ಹಾಸಿಗೆ, ಸ್ವಲ್ಪ ದುಡ್ಡು.

ಮೊದಲು ಹೋದ ದೊಡ್ಡ ಮನೆ ಲೀಟ್ರಿಮ್‌ನದ್ದು, ಲಾಫ್ ಸ್ಕರ್ ಹತ್ತಿರದ ಜಾರ್ಜ್ ರೆನಾಲ್ಡ್ಸ್ ಅವರದ್ದು. ನುಡಿಸಿದ್ದು ಕೇಳಿ ರೆನಾಲ್ಡ್ಸ್‌ಗೆ ಅಷ್ಟೇನೂ ಹಿಡಿಸಲಿಲ್ಲವಂತೆ. ಬೆರಳಿಗಿಂತ ನಿನ್ನ ತಲೆ ಚುರುಕಾಗಿರಬಹುದು, ಹೊಸದೇನಾದರೂ ಕಟ್ಟು ಅಂದರಂತೆ. ಅಲ್ಲೇ ಹತ್ತಿರ ಎರಡು ಗುಡ್ಡ, ಶೀಬೆಗ್ ಮತ್ತು ಶೀಮೋರ್. ಎರಡು ಗುಡ್ಡದ ಕಿನ್ನರರ ನಡುವೆ ಯುದ್ಧ ಆಯಿತು ಅಂತ ಕಥೆ. ಅದರ ಮೇಲೆ ಕಟ್ಟಿದ ಮಟ್ಟು ಅವರ ಮೊದಲನೆಯದು ಅಂತ ಹೇಳುತ್ತಾರೆ. ಮುನ್ನೂರು ವರ್ಷ ಆದರೂ ಜನ ಅದನ್ನು ಇನ್ನೂ ನುಡಿಸುತ್ತಾರೆ, ಮದುವೆಯಲ್ಲೂ ನುಡಿಸುತ್ತಾರೆ, ಅಂತ್ಯಸಂಸ್ಕಾರದಲ್ಲೂ ನುಡಿಸುತ್ತಾರೆ. ನಿಧಾನದ ಮಟ್ಟು, ಸುಲಭ. ನೀನು ಹೊರಡುವ ಮುಂಚೆ ಒಂದೇ ಒಂದು ಕಲಿಯುವುದಾದರೆ ಅದನ್ನೇ ಕಲಿತು ಬಾ. ಮದುವೆ ಆದಮೇಲೆ ಕ್ಯಾರಲನ್ ಮೋಹಿಲ್‌ನಲ್ಲಿ ಮನೆ ಮಾಡಿದರು, ಅಲ್ಲಿ ಅವರ ಪ್ರತಿಮೆ ಇದೆ. 1738ರಲ್ಲಿ ಸತ್ತರು, ಸಮಾಧಿ ಪಕ್ಕದ ಕೌಂಟಿಯ ಕಿಲ್ರೋನನ್‌ನಲ್ಲಿ. ಕಟ್ಟಿದ್ದರಲ್ಲಿ ಇನ್ನೂರಕ್ಕೂ ಹೆಚ್ಚು ಮಟ್ಟುಗಳು ಉಳಿದಿವೆ.

ಈ ಮೋಹಿಲ್ ಊರಿನಲ್ಲೇ ಇನ್ನೊಂದು ತಮಾಷೆ ನಡೆದಿದೆ. ತಮಾಷೆ ಅಂತ ಈಗ ಅನ್ನುತ್ತೇವೆ, ಆಗ ಜೋರಾಗೇ ಇತ್ತು. 1934ರ ಜನವರಿ 1ನೇ ತಾರೀಖು, ಸುಮಾರು 3,000 ಜನ ಬ್ಯಾಂಡ್ ಬಾರಿಸಿಕೊಂಡು, ಫಲಕ ಹಿಡಿದು ಮೆರವಣಿಗೆ ಮಾಡಿದರು. ಯಾವುದರ ವಿರುದ್ಧ? ಜಾಝ್ ಸಂಗೀತದ ವಿರುದ್ಧ! ಮುಂದೆ ನಿಂತವರು ಕ್ಲೂನ್‌ನ ಪಾದ್ರಿ ಪೀಟರ್ ಕಾನೆಫ್ರಿ. ಅದಕ್ಕೂ ಸ್ವಲ್ಪ ಮುಂಚೆ ಇದೇ ಕೌಂಟಿಯ ಎಫ್ರಿನಾಹ್‌ನಲ್ಲಿ ಜಿಮ್ಮಿ ಗ್ರಾಲ್ಟನ್ ಅನ್ನುವವರು ಅಮೆರಿಕದಿಂದ ವಾಪಸ್ ಬಂದು ಒಂದು ಹಾಲ್ ನಡೆಸುತ್ತಿದ್ದರು. ಕುಣಿತ, ಪಾಠ, ಜೊತೆಗೆ ಎಡಪಂಥದ ಮಾತು. ಹಾಲ್ ಸುಟ್ಟುಹೋಯಿತು, 1933ರಲ್ಲಿ ಅವರನ್ನು ಹುಟ್ಟಿದ ದೇಶದಿಂದಲೇ ಗಡೀಪಾರು ಮಾಡಿದರು. 2016ರಲ್ಲಿ ರಾಷ್ಟ್ರಾಧ್ಯಕ್ಷ ಮೈಕಲ್ ಡಿ. ಹಿಗ್ಗಿನ್ಸ್ ಬಂದು ಅಲ್ಲಿ ಸ್ಮಾರಕ ಉದ್ಘಾಟಿಸಿದರು. 1935ರಲ್ಲಿ ಕಾನೂನೇ ಬಂತು, ಸಾರ್ವಜನಿಕ ಕುಣಿತಕ್ಕೆ ನ್ಯಾಯಾಲಯದ ಲೈಸೆನ್ಸ್ ಬೇಕು ಅಂತ. ಅದರ ಏಟು ಜಾಝ್‌ಗಿಂತ ಜಾಸ್ತಿ ಬಿದ್ದಿದ್ದು ಅಡುಗೆಮನೆಯಲ್ಲಿ ಕುರ್ಚಿ ಪಕ್ಕಕ್ಕೆ ಸರಿಸಿ ಕುಣಿಯುತ್ತಿದ್ದ ಬಡವರ ಮನೆಗಳಿಗೆ. ಪಾದ್ರಿಗಳು ಉಳಿಸಬೇಕು ಅಂತಿದ್ದ ಸಂಗೀತ ಬದುಕಿದ್ದೇ ಆ ಅಡುಗೆಮನೆಗಳಲ್ಲಿ. ನನಗೆ ಕೇಳಿದರೆ ಸಂಗೀತವನ್ನು ಕಾಪಾಡುತ್ತೇನೆ ಅಂತ ಹೊರಟವರಿಂದ ಅದಕ್ಕೆ ಆದಷ್ಟು ಹಾನಿ ಬೇರೆಯವರಿಂದ ಆಗಿಲ್ಲ. ಇರಲಿ, ಅದು ಬೇರೆ ಜಗಳ.

ಈಚಿನವರಲ್ಲಿ ಕಿಲ್ಟಿಕ್ಲಾಹರ್‌ನ ಲೆನನ್ ಮನೆತನ ಗೊತ್ತಿರಲಿ. ಅದು ಉತ್ತರದ ಅಂಚಿನ ಸಣ್ಣ ಊರು, ಒಂದು ರಸ್ತೆ, ಮಧ್ಯೆ ಶಾನ್ ಮ್ಯಾಕ್‌ಡೆರ್ಮಟ್ ಅವರ ಪ್ರತಿಮೆ, ಬ್ರಿಟಿಷರ ವಿರುದ್ಧದ 1916ರ ದಂಗೆಯ ನಾಯಕರಲ್ಲಿ ಒಬ್ಬರು, ದಂಗೆ ಮುಗಿದ ಮೇಲೆ ಗುಂಡಿಕ್ಕಿ ಮರಣದಂಡನೆ ಕೊಟ್ಟರು. ಅಲ್ಲಿಂದ ಬಂದ ಅಣ್ಣ ಬೆನ್ ಲೆನನ್, ತಮ್ಮ ಚಾರ್ಲಿ ಲೆನನ್, ಇಬ್ಬರೂ ಪಿಟೀಲು. ಬೆನ್ ಬಟ್ಟೆ ಹೊಲಿಗೆಯ ಕಸುಬಿನವರು. ಚಾರ್ಲಿ ಲಿವರ್‌ಪೂಲ್‌ಗೆ ಹೋಗಿ ಭೌತಶಾಸ್ತ್ರ ಓದಿದರು, ಅಲ್ಲಿನ ಐರಿಷ್ ವಲಸಿಗರ ಕೇಲಿ ಬ್ಯಾಂಡಿನಲ್ಲಿ, ಅಂದರೆ ಕುಣಿತಕ್ಕೆ ನುಡಿಸುವ ತಂಡದಲ್ಲಿ, ನುಡಿಸಿದರು, ಮುಂದೆ ಎಷ್ಟೋ ಹೊಸ ಮಟ್ಟು ಕಟ್ಟಿದರು. ಬೆನ್ 2020ರಲ್ಲಿ, ಚಾರ್ಲಿ 2024ರಲ್ಲಿ ಹೋದರು. ಬೆನ್ ಮಗ ಮಾರಿಸ್ ಲೆನನ್ ಸ್ಟಾಕ್ಟನ್ಸ್ ವಿಂಗ್ ಅನ್ನುವ ತಂಡ ಕಟ್ಟಿದವರಲ್ಲಿ ಒಬ್ಬರು. ಹಾಡುವವರಲ್ಲಿ ಕೆಶ್‌ಕ್ಯಾರಿಗನ್‌ನ ಎಲೀನರ್ ಶ್ಯಾನ್ಲಿ, ಡ್ರಮ್‌ಕೀರನ್‌ನ ಮೇರಿ ಮ್ಯಾಕ್‌ಪಾರ್ಟ್ಲನ್ ಇಬ್ಬರನ್ನೂ ಹುಡುಕಿ ಕೇಳು. ಮೇರಿ ಈಗಿಲ್ಲ, ಧ್ವನಿ ಮಾತ್ರ ಅಬ್ಬಾ.

ಯೂರೋವಿಷನ್ ಗೊತ್ತಾ? ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ, ಪ್ರತಿ ವರ್ಷ ಟಿವಿಯಲ್ಲಿ ಬರುತ್ತದೆ. 1994ರಲ್ಲಿ ಡಬ್ಲಿನ್‌ನಲ್ಲಿ ನಡೆದಾಗ ಗೆದ್ದವರಲ್ಲಿ ಒಬ್ಬರು ಚಾರ್ಲಿ ಮೆಕ್‌ಗೆಟಿಗನ್. ಹುಟ್ಟಿದ್ದು ಡೊನೆಗಾಲ್ ಕೌಂಟಿಯಲ್ಲಿ, ಮನೆ ಮಾಡಿದ್ದು ಲೀಟ್ರಿಮ್‌ನ ಡ್ರಮ್‌ಶಾನ್‌ಬೋದಲ್ಲಿ. ಒಂದು ಪಿಯಾನೋ, ಒಂದು ಗಿಟಾರ್, ಇಬ್ಬರು ಗಂಡಸರು ಕೂತು ಹಾಡಿದರು, 226 ಅಂಕ. ಅದೇ ರಾತ್ರಿ ಮಧ್ಯಂತರದಲ್ಲಿ ಏಳು ನಿಮಿಷದ ಒಂದು ಕುಣಿತ ಹಾಕಿದರು, ರಿವರ್‌ಡ್ಯಾನ್ಸ್ ಅಂತ. ಪಾಪ, ಜಗತ್ತೆಲ್ಲಾ ಆ ಕುಣಿತದ ಬಗ್ಗೆಯೇ ಮಾತಾಡಿತು. ಡ್ರಮ್‌ಶಾನ್‌ಬೋದವರು ಮಾತ್ರ ಗೆದ್ದವರನ್ನು ಮರೆತಿಲ್ಲ.

ಸರಿ, ನಿನ್ನ ಪಿಟೀಲಿಗೆ ಬರೋಣ. ಇಲ್ಲಿ ಸೆಷನ್ ಅಂತ ನಡೆಯುತ್ತದೆ, ವಾದ್ಯದವರು ಸುಮ್ಮನೆ ಸೇರಿ ಒಟ್ಟಿಗೆ ನುಡಿಸುವ ಕೂಟ, ಹೆಚ್ಚಾಗಿ ಪಬ್‌ನಲ್ಲಿ. ಪಬ್ ಅಂದ ತಕ್ಷಣ ನಿಮ್ಮ ಮನೆಯಲ್ಲಿ ಏನು ಅನ್ನುತ್ತಾರೋ ನನಗೆ ಗೊತ್ತು, ನನ್ನ ಮನೆಯಲ್ಲೂ ಅಂದಿದ್ದರು. ಹಳ್ಳಿಯ ಪಬ್‌ನಲ್ಲಿ ಅಜ್ಜಿಯರು ಟೀ ಕುಡಿಯುತ್ತಾ ಕೂತಿರುತ್ತಾರೆ. ರಾತ್ರಿ 9ರವರೆಗೆ, ಬೇಸಿಗೆಯಲ್ಲಿ 10ರವರೆಗೆ, ಅಪ್ಪ ಅಮ್ಮನ ಜೊತೆ ಮಕ್ಕಳೂ ಇರಬಹುದು. ನೀನು ಶುಂಠಿ ಸೋಡಾ ತಗೋ, ಟೀ ತಗೋ, ಯಾರೂ ಯಾಕೆ ಅಂತ ಕೇಳುವುದಿಲ್ಲ. ಸೆಷನ್ ಶುರುವಾಗುವುದೇ ಒಂಬತ್ತು, ಒಂಬತ್ತೂವರೆಗೆ, ಹಗಲು ಡ್ಯೂಟಿ ಮುಗಿಸಿ ಆರಾಮಾಗಿ ಹೋಗಬಹುದು.

ವೇದಿಕೆ ಇರುವುದಿಲ್ಲ, ಮೈಕೂ ಇರುವುದಿಲ್ಲ. ಒಂದು ಮೂಲೆಯಲ್ಲಿ ಬೆಂಚು, ನಾಲ್ಕು ಸ್ಟೂಲು, ಗೋಡೆಯ ಕಡೆಯ ಜಾಗ ಯಾವಾಗಲೂ ಹಳಬರಿಗೆ. ಅಲ್ಲಿ ಹೋಗಿ ಕೂರಬೇಡ. ಪಿಟೀಲಿನ ಪೆಟ್ಟಿಗೆ ಕಾಣುವ ಹಾಗೆ ಇಟ್ಟುಕೊಂಡು ಸ್ವಲ್ಪ ಆಚೆ ಕೂತು ಕೇಳು, ಅವರೇ ಕರೆಯುತ್ತಾರೆ. ಒಬ್ಬರು ಒಂದು ಮಟ್ಟು ಎತ್ತುತ್ತಾರೆ, ಎರಡನೇ ಸಾಲಿಗೆ ಮಿಕ್ಕವರು ಸೇರುತ್ತಾರೆ. ಎಂಟು ಅಳತೆಯ ಒಂದು ಭಾಗ ಎರಡು ಸಲ, ಇನ್ನೊಂದು ಭಾಗ ಎರಡು ಸಲ, ಅಲ್ಲಿಗೆ ಒಂದು ಸುತ್ತು. ಎರಡು ಮೂರು ಸುತ್ತು ಆದಮೇಲೆ ನಿಲ್ಲಿಸದೆ ಮುಂದಿನ ಮಟ್ಟಿಗೆ ಹಾರುತ್ತಾರೆ. ಹಾರುವ ಮುಂಚೆ ಎತ್ತಿದವರು ಹುಬ್ಬು ಎತ್ತುತ್ತಾರೆ, ಇಲ್ಲಾ "ಹಪ್" ಅನ್ನುತ್ತಾರೆ. ಅಷ್ಟೇ ಸೂಚನೆ. ಅದನ್ನು ನೋಡಿಕೊಳ್ಳದಿದ್ದರೆ ಹಳೇ ಮಟ್ಟಿನಲ್ಲಿ ನೀನೊಬ್ಬಳೇ ಉಳಿಯುತ್ತೀಯ. ಮುಂದೆ ಯಾರ ಹತ್ತಿರವೂ ಪುಸ್ತಕ ಇರುವುದಿಲ್ಲ. ನಿನಗೆ ಅದು ಕಷ್ಟ ಅಲ್ಲ, ನಾವೂ ಕಿವಿಯಿಂದಲೇ ಕಲಿತವರು. ಗೊತ್ತಿಲ್ಲದ ಮಟ್ಟು ಬಂದರೆ ಕಮಾನು ತೊಡೆ ಮೇಲಿಟ್ಟು ಸುಮ್ನೆ ಕೂತಿರು. ಅದಕ್ಕೆ ಮರ್ಯಾದೆ ಜಾಸ್ತಿ. ಕೇಳದೆ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಬೇಡ. ಕೇಳಿದರೆ ಖಂಡಿತ ಬೇಡ ಅನ್ನುವುದಿಲ್ಲ.

ಶ್ರುತಿಯ ವಿಷಯ ಈಗಲೇ ಹೇಳುತ್ತೇನೆ, ಅಲ್ಲಿಂದಲೇ ಅಭ್ಯಾಸ ಶುರು ಮಾಡಬಹುದು. ನಮ್ಮ ಪಿಟೀಲು ಸ ಪ ಸ ಪ. ಇಲ್ಲಿ ದಪ್ಪ ತಂತಿಯಿಂದ ಜಿ, ಡಿ, ಎ, ಇ. ಅಂದರೆ ಎಲ್ಲಾ ತಂತಿಗಳ ನಡುವೆಯೂ ಸ-ಪ ಅಂತರವೇ. ಇಲ್ಲಿನ ಕೊಳಲು, ಪೈಪು, ವಿಸಿಲ್ ಎಲ್ಲಾ ಹೆಚ್ಚಾಗಿ ಡಿ ಶ್ರುತಿಯವು, ಅದಕ್ಕೇ ಮಟ್ಟುಗಳು ಡಿ ಅಥವಾ ಜಿ ಆಧಾರದಲ್ಲಿ ಬರುವುದು ಜಾಸ್ತಿ. ಡಿ ತಂತಿಯನ್ನು ಸ ಅಂದುಕೊಂಡರೆ ಎ ತಂತಿ ಪ, ಇ ತಂತಿ ತಾರಸ್ಥಾಯಿಯ ಚತುಶ್ರುತಿ ರಿಷಭ, ಜಿ ತಂತಿ ಕೆಳಗಿನ ಶುದ್ಧ ಮಧ್ಯಮ. ಬೆರಳಿಗೆ ಮೊದಮೊದಲು ಗೊಂದಲ ಆಗುತ್ತದೆ, ಮುಖ್ಯವಾಗಿ ಮೇಲಿನ ತಂತಿಯಲ್ಲಿ. ನೆಲದ ಮೇಲೆ ಕೂತು ತುದಿಯನ್ನು ಪಾದಕ್ಕೆ ಒರಗಿಸಿ ನುಡಿಸುವ ನಮ್ಮ ಭಂಗಿ ಪಬ್‌ನ ಸ್ಟೂಲ್ ಮೇಲೆ ಆಗುವುದಿಲ್ಲ. ಎಡಗೈಯಿಂದಲೇ ಹಿಡಿದು ನುಡಿಸುವುದನ್ನು ರೂಢಿ ಮಾಡಿಕೋ, ಗಲ್ಲದ ಕೆಳಗೇ ಒತ್ತಬೇಕು ಅಂತ ಇಲ್ಲ, ಇಲ್ಲಿನ ಹಳಬರು ಎದೆಗೆ ಆನಿಸಿ ನುಡಿಸುವುದೂ ಉಂಟು.

ರಾಗದ ಕಡೆಯಿಂದ ನೀನು ಅರ್ಧ ದಾರಿ ಬಂದಾಗಿದೆ. ಬಹಳ ಮಟ್ಟುಗಳು ಶಂಕರಾಭರಣದ ಸ್ವರಗಳಲ್ಲೇ ಇವೆ. ಉಳಿದವು ಹೆಚ್ಚಾಗಿ ಖರಹರಪ್ರಿಯ, ಹರಿಕಾಂಭೋಜಿ, ನಠಭೈರವಿಯ ಸ್ವರಗಳು. ನೊಟ್ಟುಸ್ವರ ಕಲಿತಿದ್ದರೆ ಇನ್ನೂ ಒಳ್ಳೆಯದು. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರಲ್ಲ, ಆ ನಡಿಗೆಯೇ ಇಲ್ಲಿ. ಕುಣಿತದ ಮಟ್ಟುಗಳಲ್ಲಿ ರೀಲ್ ಅಂದರೆ ಚತುರಶ್ರ ನಡೆ, ನಾಲ್ಕರ ಲೆಕ್ಕ, ಜಿಗ್ ಅಂದರೆ ತಿಶ್ರ ನಡೆ, ಮೂರರ ಲೆಕ್ಕ, ಉತ್ತರ ಲೀಟ್ರಿಮ್ ಕಡೆ ಪೋಲ್ಕಾ ಕೂಡ ನುಡಿಸುತ್ತಾರೆ. ಆದರೆ ಸ್ವರ ತೂಗಿಸುವ ಗಮಕ ಮಾತ್ರ ಮನೆಯಲ್ಲಿಟ್ಟು ಬಾ. ರಿ ಮೇಲೆ, ಗ ಮೇಲೆ ಉದ್ದಕ್ಕೆ ತೂಗಿದರೆ ಎಂಟು ಜನ ಒಟ್ಟಿಗೆ ನುಡಿಸುವಾಗ ನಿನ್ನದು ಅಪಸ್ವರ ಥರ ಕೇಳುತ್ತದೆ. ಇಲ್ಲಿನ ಅಲಂಕಾರ ಬೇರೆ, ಬೆರಳು ಮುಟ್ಟಿ ಬಿಡುವ ಕ್ಷಣದ ಕೆಲಸ, ಕಟ್ ಅಂತಾರೆ, ರೋಲ್ ಅಂತಾರೆ. ಅಲ್ಲೇ ಹೊಸದಾಗಿ ಸ್ವರ ಕಟ್ಟುವ ಕಲ್ಪನಾಸ್ವರಕ್ಕೂ ಜಾಗ ಇಲ್ಲ. ಎರಡನೇ ಸುತ್ತಿನಲ್ಲಿ ಒಂದೆರಡು ಸ್ವರ ಬದಲಿಸಿದರೆ ಅದೇ ದೊಡ್ಡ ಸ್ವಾತಂತ್ರ್ಯ. ಇದೇನು ಬಡತನ ಅಂತ ನಿನಗೆ ಅನ್ನಿಸಬಹುದು. ಸ್ವಲ್ಪ ತಡೆ. ಐವತ್ತು ವರ್ಷದಿಂದ ಒಂದೇ ಮಟ್ಟು ನುಡಿಸುವವರ ಪಕ್ಕ ಕೂತು ಕೇಳಿದಾಗ ಆ ಒಂದೆರಡು ಸ್ವರ ಎಲ್ಲಿ ಬದಲಾಯಿತು ಅಂತ ಕಿವಿ ತಾನೇ ಹುಡುಕತೊಡಗುತ್ತದೆ.

ಇನ್ನೊಂದು ಮುಖ್ಯ ಮಾತು. ನಡುವೆ ಯಾರನ್ನಾದರೂ ಹಾಡಲು ಕರೆಯುತ್ತಾರೆ. ಹಾಡಿದವರಿಗೆ ಮುಂದಿನವರನ್ನು ಕರೆಯುವ ಹಕ್ಕು. ಒಂದಲ್ಲ ಒಂದು ದಿನ ನಿನ್ನ ಕಡೆ ಬೆರಳು ತೋರಿಸುತ್ತಾರೆ, ಬೇಡ ಅನ್ನಬೇಡ. ಒಂದು ಕನ್ನಡ ಹಾಡು ತಯಾರಿಟ್ಟುಕೋ, ಮೂರು ನಿಮಿಷದೊಳಗೆ, ಶ್ರುತಿ ಪೆಟ್ಟಿಗೆ ಇಲ್ಲದೆ, ಪಕ್ಕವಾದ್ಯ ಇಲ್ಲದೆ. ದೇವರನಾಮ ಆಗಬಹುದು, ಜನಪದ ಗೀತೆ ಆಗಬಹುದು. ಶುರು ಮಾಡುವ ಮುಂಚೆ ಎರಡು ಮಾತಿನಲ್ಲಿ ಕಥೆ ಹೇಳು. ನಾನು ನಮ್ಮ ಅಜ್ಜಿ ಹೇಳುತ್ತಿದ್ದ ಬೀಸೋಕಲ್ಲಿನ ಪದ ಹೇಳಿದ್ದೆ, ಪ್ರತಿ ನುಡಿಗೂ ಮೂಲೆಯಿಂದ ಒಬ್ಬರು "ಗುಡ್ ಗರ್ಲ್" ಅನ್ನುತ್ತಿದ್ದರು, ನನಗೆ ಆಗಲೇ ಮೊಮ್ಮಕ್ಕಳು ಬರುವ ವಯಸ್ಸು! ಮಧ್ಯೆ ಹಾಗೆ ಕೂಗುವುದು ನಮ್ಮ ಕಡೆ ಭಲೇ ಅಂದ ಹಾಗೆ, ಗಾಬರಿಯಾಗಬೇಡ. ಮುಗಿದ ಮೇಲೆ ರಾಗಿ ಬೀಸುವುದು ಹೇಗೆ, ಇಬ್ಬರು ಕೂರುತ್ತಾರಾ, ಯಾವ ಕೈ ಅಂತೆಲ್ಲಾ ಕೇಳಿದರು. ನಾನು ಟೇಬಲ್ ಮೇಲೆ ಗ್ಲಾಸ್ ತಿರುಗಿಸಿ ತೋರಿಸಿದೆ.

ಈಗ ಬೇಸರದ ವಿಷಯವೂ ಹೇಳಿಬಿಡುತ್ತೇನೆ. ಕಾರ್ ಇಲ್ಲದೆ ಇಲ್ಲಿ ಸಂಜೆ ಅನ್ನುವುದೇ ಇಲ್ಲ. ಡಬ್ಲಿನ್–ಸ್ಲೈಗೋ ರೈಲು ಡ್ರೊಮಾಡ್‌ನಲ್ಲಿ, ಕ್ಯಾರಿಕ್-ಆನ್-ಶ್ಯಾನನ್‌ನಲ್ಲಿ ನಿಲ್ಲುತ್ತದೆ, ಆಮೇಲೆ ಹಳ್ಳಿಗೆ ಹೋಗುವ ಬಸ್ ಕಡಿಮೆ, ರಾತ್ರಿ ಹತ್ತರ ಮೇಲೆ ಕೇಳಲೇಬೇಡ. ನಮ್ಮ ಲೈಸೆನ್ಸನ್ನು ಇಲ್ಲಿ ಬದಲಾಯಿಸಿ ಕೊಡುವುದಿಲ್ಲ, ಥಿಯರಿ ಪರೀಕ್ಷೆಯಿಂದ ಮತ್ತೆ ಶುರು ಮಾಡಬೇಕು. ಬಂದ ಕೂಡಲೇ ಅದಕ್ಕೆ ಕೈ ಹಾಕು. ಅಲ್ಲಿಯವರೆಗೆ ಸಹೋದ್ಯೋಗಿಗಳನ್ನು ಕೇಳು, ಸೆಷನ್‌ಗೆ ಅಂದರೆ ಕರೆದುಕೊಂಡು ಹೋಗುತ್ತಾರೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲಾ ಕತ್ತಲು, ಮೊದಲ ಚಳಿಗಾಲ ಕಷ್ಟವೇ, ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲಿ ಕನ್ನಡ ಮಾತಾಡುವವರು ಸಿಗುವುದು ಅಪರೂಪ, ಯುಗಾದಿ, ರಾಜ್ಯೋತ್ಸವ ಅಂದರೆ ಡಬ್ಲಿನ್‌ಗೇ ಹೋಗಬೇಕು. ನಿನ್ನ ಜೊತೆ ಕೆಲಸ ಮಾಡುವವರಲ್ಲಿ ಕೇರಳದವರು ಇರುತ್ತಾರೆ, ಕರಿಬೇವು ಎಲ್ಲಿ ಸಿಗುತ್ತದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಇಲ್ಲಿನವರೂ ಎಲ್ಲರೂ ಸಂಗೀತದ ಹುಚ್ಚರಲ್ಲ. ಫುಟ್‌ಬಾಲ್ ಬಿಟ್ಟು ಬೇರೆ ಮಾತಿಲ್ಲದವರೂ ಇದ್ದಾರೆ. ಕೆಲವು ಸೆಷನ್‌ಗಳಲ್ಲಿ ಹೊಸಬರನ್ನು ತಿರುಗಿಯೂ ನೋಡುವುದಿಲ್ಲ, ಅಂಥ ಕಡೆ ಒಂದು ಗ್ಲಾಸ್ ಮುಗಿಸಿ ಎದ್ದು ಬಾ, ಪಕ್ಕದ ಊರಿನಲ್ಲಿ ಇನ್ನೊಂದು ಇರುತ್ತದೆ. ಕಲಿಯುವವರಿಗಾಗಿಯೇ ನಿಧಾನವಾಗಿ ನುಡಿಸುವ ಸೆಷನ್ ಇರುತ್ತವೆ, ಮೊದಲು ಅಲ್ಲಿಗೇ ಹೋಗು. ಕೋಲ್ಟಸ್ ಅನ್ನುವ ಸಂಸ್ಥೆ 1951ರಿಂದ ಈ ಸಂಗೀತ ಕಲಿಸುತ್ತಿದೆ, ಅದರ ಶಾಖೆಗಳಲ್ಲಿ ದೊಡ್ಡವರಿಗೂ ಪಾಠ ಇರುತ್ತದೆ. ಎಂಟು ವರ್ಷದ ಹುಡುಗಿ ಪಕ್ಕ ಕೂತು ನಿನಗಿಂತ ಚೆನ್ನಾಗಿ ನುಡಿಸಿದರೆ ಮುಖ ಸಣ್ಣ ಮಾಡಿಕೊಳ್ಳಬೇಡ.

ಪಿಟೀಲನ್ನು ವಿಮಾನದಲ್ಲಿ ಕೈಯಲ್ಲೇ ತಾ, ಲಗೇಜಿಗೆ ಹಾಕಬೇಡ. ಒಳಗೆ ಬಿಡುತ್ತಾರಾ ಅಂತ ಟಿಕೆಟ್ ತೆಗೆಯುವಾಗಲೇ ವಿಮಾನದವರನ್ನು ಕೇಳಿಕೋ, ಮಧ್ಯೆ ವಿಮಾನ ಬದಲಾಯಿಸುವುದಿದ್ದರೆ ಎರಡೂ ಕಡೆಯದ್ದು. ಕಮಾನನ್ನು ಸಡಿಲ ಮಾಡಿ ಇಡು. ಇಲ್ಲಿ ಬಂದಮೇಲೆ ರೇಡಿಯೇಟರ್ ಪಕ್ಕ ಇಡಬೇಡ, ಹೊರಗೆ ಒದ್ದೆ, ಒಳಗೆ ಒಣ ಬಿಸಿ, ಅಂಟು ಬಿಟ್ಟು ಬೆನ್ನು ಬಾಯಿ ತೆರೆಯುತ್ತದೆ. ತಂತಿ, ರಾಳ ಎಲ್ಲಾ ಇಲ್ಲೇ ಸಿಗುತ್ತವೆ.

ಮತ್ತೆ ಒಂದು. ಡ್ರಮ್‌ಶಾನ್‌ಬೋದಲ್ಲಿ ಪ್ರತಿ ಜುಲೈನಲ್ಲಿ ಜೋ ಮೂನಿ ಬೇಸಿಗೆ ಶಾಲೆ ನಡೆಯುತ್ತದೆ, 1989ರಿಂದ ನಡೆಯುತ್ತಿದೆ. ಒಂದು ವಾರ ಪೂರ್ತಿ, ಬೆಳಿಗ್ಗೆ ತರಗತಿ, ರಾತ್ರಿ ಊರಿನ ಪ್ರತಿ ಪಬ್‌ನಲ್ಲೂ ಸೆಷನ್, ಬೀದಿಯಲ್ಲಿ ನಡೆದರೆ ನಾಲ್ಕು ಬಾಗಿಲಿನಿಂದ ನಾಲ್ಕು ಮಟ್ಟು. ಪಾಠ ಹೇಳುವವರು ದೇಶದ ದೊಡ್ಡ ದೊಡ್ಡ ಕಲಾವಿದರು, ಫೀಸು ನಿನ್ನ ಕೈಗೆ ಎಟುಕುವಷ್ಟೇ. ಪಿಟೀಲು ತರಗತಿಗಳು ಬೇಗ ತುಂಬುತ್ತವೆ. ನೀನು ಕೆಲಸಕ್ಕೆ ಸೇರಿದ ಮೊದಲ ವಾರವೇ ರೋಸ್ಟರ್ ಮಾಡುವವರನ್ನು ಹಿಡಿದು ಆ ವಾರಕ್ಕೆ ರಜೆ ಬರೆಸಿಡು, ಯಾಕೆಂದರೆ ನಿನ್ನ ವಾರ್ಡಿನ ಅರ್ಧ ಜನ ಅದೇ ವಾರ ರಜೆ ಕೇಳುತ್ತಾರೆ.